ಒಡೆದ ಮೇಲೆ ಅರ್ಜಿ ಹಾಕಿದೆ

ಹಳೇ ಮನೆ ಮೇಲೆ ಒಂದು ಮಹಡಿ ಏರಿಸೋಕೆ ಯಾರಪ್ಪಾ ನಕ್ಷೆ ಮಂಜೂರು ಮಾಡಿಸ್ತಾರೆ, ರಿಪೇರಿ ಅಂತ ಹೇಳಿ ಎತ್ತಿಬಿಡು ಅಂದವರು ಒಬ್ಬಿಬ್ಬರಲ್ಲ. ನನ್ನ ಜೊತೆ ವರ್ಷಗಟ್ಟಲೆ ಸೆಂಟ್ರಿಂಗ್ ಮಾಡಿದವನೇ ನಕ್ಕ. ಈಗ ಆ ಮಹಡಿಯಲ್ಲಿ ಜನ ವಾಸ ಇದ್ದಾರೆ, ಮಂಜೂರಾದ ನಕ್ಷೆ ಬೀರುವಿನಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ 30x40 ಅಡಿ ಸೈಟು, 1994ರಲ್ಲಿ ಕಟ್ಟಿದ ಮನೆ. ಒಂಬತ್ತಿಂಚು ಇಟ್ಟಿಗೆ ಗೋಡೆ, ಕಾಲಂ (ಕಂಬ) ಇಲ್ಲ. ಮಾಲೀಕರು ರಿಟೈರ್ಡ್ ಮೇಷ್ಟ್ರು. ಖಾತಾ, ಕಂದಾಯದ ರಸೀದಿ, ಇಸಿ (ಋಣಭಾರ ಪತ್ರ) ಎಲ್ಲಾ ನೀಟಾಗಿ ಇಟ್ಟಿದ್ದರು. ಸುಣ್ಣ ಬಣ್ಣ, ಟೈಲ್ಸ್‌ಗೆ ಯಾರೂ ನಕ್ಷೆ ಕೇಳಲ್ಲ, ಮಹಡಿ ಎತ್ತಿದರೆ ಕೇಳೇ ಕೇಳುತ್ತಾರೆ.

ಮೊದಲ ಸಲ ನಾನೇ ಮೋಸ ಹೋದೆ. ಒಬ್ಬ ಮಧ್ಯವರ್ತಿ "ಎಲ್ಲಾ ನಾನ್ ನೋಡ್ಕೋತೀನಿ" ಅಂದ, 25 ಸಾವಿರ ಕೊಟ್ಟೆ. ಅವನು ಸೈಟಿಗೆ ಕಾಲೇ ಇಡಲಿಲ್ಲ. ಕ್ರಯಪತ್ರ ನೋಡಿ 9.14 x 12.19 ಮೀಟರ್ ಅಂತ ನಕ್ಷೆ ಬರೆಸಿದ. ಟೇಪ್ ಹಿಡಿದರೆ ಹಿಂದುಗಡೆ ಇಪ್ಪತ್ತೊಂಬತ್ತೂವರೆ ಅಡಿ ಇದೆ! ಪಾಲಿಕೆಯಿಂದ ಅಳತೆಗೆ ಬಂದವರು ಐದೇ ನಿಮಿಷಕ್ಕೆ ಹಿಡಿದರು, ಫೈಲು ವಾಪಸ್. ದುಡ್ಡು ಇವತ್ತಿಗೂ ಬಂದಿಲ್ಲ.

ಎರಡನೇ ಸಲ ನಾನೇ ಅಳೆದೆ. ಅದರಲ್ಲೂ ಎಡವಟ್ಟು. ನಾನು ಬರೀ ಇಟ್ಟಿಗೆ ಗೋಡೆಯ ದಪ್ಪ ಲೆಕ್ಕ ಹಾಕಿದ್ದೆ, ಹೊರಗಿನ ಗಾರೆ ಮತ್ತು ಅದರ ಮೇಲೆ ಯಾವ ಕಾಲದಲ್ಲೋ ಅಂಟಿಸಿದ್ದ ಕಲ್ಲಿನ ಕ್ಲಾಡಿಂಗ್ ಮರೆತೆ. ಎಡಗಡೆ ಒಂದು ಮೀಟರ್ ಖಾಲಿ ಜಾಗ ಇರಬೇಕಾದ ಕಡೆ 94 ಸೆಂಟಿಮೀಟರ್ ಬಂತು. 2003ರ ಕಟ್ಟಡ ಬೈಲಾದಲ್ಲಿದ್ದ 5% ವಿನಾಯಿತಿ ಹಿಡಿದರೂ ಒಂದು ಸೆಂಟಿಮೀಟರ್ ಸಾಲದು. ಕ್ಲಾಡಿಂಗ್ ಕಿತ್ತು ಹಾಕಿದೆ. ನೋಡೋಕೂ ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡಿ.

ಅಸಲಿ ತಲೆನೋವು ಹಿಂಭಾಗದ್ದು. ಹತ್ತಿಪ್ಪತ್ತು ವರ್ಷದ ಹಿಂದೆ ಸೆಟ್‌ಬ್ಯಾಕ್ ಜಾಗದಲ್ಲಿ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ಒಂದು ಟಾಯ್ಲೆಟ್, ಬಟ್ಟೆ ಒಗೆಯೋ ಕಲ್ಲು, ಅದಕ್ಕೊಂದು ಗೋಡೆ, ಮೇಲೆ ಶೀಟು ಹಾಕಿಸಿದ್ದರು. ನಕ್ಷೆಯಲ್ಲಿ ಒಡೆಯೋ ಭಾಗಕ್ಕೆ ಹಳದಿ, ಹೊಸದಕ್ಕೆ ಕೆಂಪು ಅಂತ ನಿಮಗೆ ಗೊತ್ತೇ ಇದೆ. ಎಲ್ಲರೂ ಹಳದಿ ಬಳಿದು ಅರ್ಜಿ ಹಾಕುತ್ತಾರೆ, ಆ ಟಾಯ್ಲೆಟ್ ಮಾತ್ರ ಅಲ್ಲೇ ನಿಂತಿರುತ್ತೆ. ನಾನು ಅರ್ಜಿಗೆ ಮೊದಲೇ ಒಡೆದುಬಿಡೋಣ ಅಂದೆ.

"ಅಲ್ಲಪ್ಪಾ, ದುಡ್ಡು ಕೊಟ್ಟು ಕಟ್ಟಿಸಿದ್ದನ್ನ ದುಡ್ಡು ಕೊಟ್ಟೇ ಒಡೆಸಬೇಕಾ?" ಅಂದರು ಮೇಷ್ಟ್ರು.

ಹೌದು ಸಾರ್ ಅಂದೆ. ಇಬ್ಬರು ಆಳು, ಎರಡೂವರೆ ದಿನ, ಎರಡು ಟ್ರ್ಯಾಕ್ಟರ್ ಡೆಬ್ರಿ. ಹನ್ನೊಂದು ಸಾವಿರ ಆಯಿತು ಅಂತ ನೆನಪು. ಒಡೆಯೋ ಮುಂಚೆ, ಒಡೆದ ಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದೆ, ಟೇಪ್ ಕಾಣೋ ಹಾಗೆ. ಆ ಫೋಟೋ, ಹಳೇ ನಕ್ಷೆ, ಹೊಸ ಅಳತೆ ಶೀಟು ಮೂರನ್ನೂ ಹೇಗೆ ಜೋಡಿಸಿ ಕೊಟ್ಟೆ ಅನ್ನೋದು ಮಾತ್ರ ಹೇಳಲ್ಲ, ಹೊಟ್ಟೆಪಾಡು ನೋಡಿ. ಈ ಸಲ ಅಳತೆಗೆ ಬಂದವರು ಇಪ್ಪತ್ತು ನಿಮಿಷ ಹುಡುಕಿದರು, ಏನೂ ಸಿಗಲಿಲ್ಲ.

ಪಾಯ ನೋಡೋಕೆ ಎರಡು ಮೂಲೆಯಲ್ಲಿ ಮೂರಡಿ ಗುಂಡಿ ತೆಗೆಸಿದ್ದೆ. ಸೈಜುಗಲ್ಲು ಇತ್ತು, ಆದರೆ ಮಣ್ಣಿನ ಗಾರೆ. ಸ್ಟ್ರಕ್ಚರಲ್ ಇಂಜಿನಿಯರ್ ಮೇಲೆ ಇಟ್ಟಿಗೆ ಬೇಡವೇ ಬೇಡ ಅಂದರು. ಕೆಳಗಿನ ಗೋಡೆ ಮೇಲೇ ಸರಿಯಾಗಿ ಕೂರೋ ಹಾಗೆ ಇಟ್ಟಿಗೆಗಿಂತ ಹಗುರವಾದ ಎಎಸಿ ಬ್ಲಾಕ್ ಕಟ್ಟಿದ್ದು ಅದಕ್ಕೇ. ಅವರ ಫೀಸು, ನಕ್ಷೆ, ಶುಲ್ಕ, ಕಟ್ಟೋ ಖರ್ಚು ಹತ್ತು ಲಕ್ಷ ದಾಟಿದ್ದಕ್ಕೆ ಆಗಿನ ನಿಯಮದಂತೆ 1% ಕಾರ್ಮಿಕ ಸೆಸ್ ಎಲ್ಲಾ ಸೇರಿ ಒಂದು ಲಕ್ಷದ ಹತ್ತಿರ. ಕರೆಂಟಿಗೆ ತಾತ್ಕಾಲಿಕ ಮೀಟರ್ ಹಾಕಿಸಿದೆ. ಹಿಂದೊಂದು ಕೆಲಸದಲ್ಲಿ ಮನೆ ಮೀಟರಿನಿಂದಲೇ ಮಿಕ್ಸರ್ ಓಡಿಸಿ ದಂಡ ಕಟ್ಟಿದ್ದೆ, ಬುದ್ಧಿ ಬಂದಿತ್ತು.

ಹೇಗೂ ಬೆಂಗಳೂರಲ್ಲಿ 30x40ರಲ್ಲಿ ಹೊಸದಾಗಿ ಕಟ್ಟೋರಿಗೆ ಮಳೆನೀರು ಕೊಯ್ಲು ಕಡ್ಡಾಯ, ಇಲ್ಲೂ ಮಾಡಿಬಿಡೋಣ ಅಂತ ಒಂದು ಪ್ರಯೋಗ ಮಾಡಿದೆ. ಇನ್ನೂರು ಲೀಟರ್ ಡ್ರಮ್ಮಿಗೆ ಜಲ್ಲಿ, ಇದ್ದಿಲು, ಮರಳು ತುಂಬಿದ ಫಿಲ್ಟರ್. ಮೊದಲ ಜೋರು ಮಳೆಗೇ ತುಂಬಿ ಹೊರಗೆ ಚೆಲ್ಲಿತು, ಮರಳು ತುಂಬಾ ಸಣ್ಣದಾಗಿತ್ತು. ದಪ್ಪ ಮರಳು ಹಾಕಿ, ಮೇಲೆ ಸೊಳ್ಳೆ ಪರದೆ ಎರಡು ಪದರ ಕಟ್ಟಿದೆ. ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಗೆ ಒಂದು ಲೀಟರ್ ಲೆಕ್ಕ ಅಲ್ವಾ, ಸಾವಿರ ಚದರಡಿ ಸೂರಿಗೆ ಒಂದು ಸೆಂಟಿಮೀಟರ್ ಮಳೆ ಬಂದರೆ ಒಂಬೈನೂರು ಲೀಟರ್ ಬರಬೇಕು. ಸಂಪಿಗೆ ಏಳುನೂರರ ಮೇಲೆ ಬೀಳುತ್ತಿದೆ.

ಅರ್ಜಿಯಿಂದ ಗೃಹಪ್ರವೇಶದವರೆಗೆ ಹನ್ನೊಂದು ತಿಂಗಳು. ಮೇಷ್ಟ್ರ ಮನೆಯ ಅಮ್ಮನವರಿಗೆ ಇನ್ನೂ ಆ ಒಗೆಯೋ ಕಲ್ಲಿನದೇ ಕೊರಗಿತ್ತು. ಗೋಡೆ ಶೀಟು ಏನೂ ಇಲ್ಲದೆ ಬರೀ ಕಲ್ಲನ್ನು ಸಂಪಿನ ಪಕ್ಕ ಇಟ್ಟುಕೊಟ್ಟೆ. ಎತ್ತೋಕೆ ನಾಲ್ಕು ಜನ ಬೇಕಾಯಿತು. ಆ ಕೂಲಿ ಬಿಲ್ಲಿಗೆ ಹಾಕಲಿಲ್ಲ.