ಒಬ್ಬರೇ ಒಂದು ದಿನ ಕ್ಯೋಟೋ ಗುಡಿಗಳನ್ನು ನೋಡುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಹೊರಡುವವರಿಗೆ

ಕಂಪನಿ ಕೆಲಸಕ್ಕೋ ಓದಿಗೋ ಅಂತ ಜಪಾನಿಗೆ ಹೋಗುವವರು ಈಗ ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಲ್ಲೂ ಇದ್ದಾರೆ. ಹೋದವರಿಗೆ ಕೆಲಸದ ನಡುವೆ ಎಷ್ಟೋ ಸಲ ಒಂದೇ ಒಂದು ದಿನ ಬಿಡುವು ಸಿಗುತ್ತದೆ, ಜೊತೆಗೆ ಬರುವವರು ಯಾರೂ ಇರುವುದಿಲ್ಲ. ಆ ದಿನ ರೂಮಿನಲ್ಲಿ ಸುಮ್ನೆ ಮಲಗಬೇಡಿ. ಕ್ಯೋಟೋಗೆ ಹೋಗಿ. ಒಸಾಕಾದಿಂದ ಜೆಆರ್ (ಜಪಾನ್ ರೈಲ್ವೆ) ರೈಲಿನಲ್ಲಿ ಅರ್ಧ ಗಂಟೆ, ಟೋಕಿಯೋದಿಂದ ನೊಝೋಮಿ ಶಿಂಕಾನ್ಸೆನ್ ಎನ್ನುವ ಬುಲೆಟ್ ರೈಲು ಹತ್ತಿದರೆ ಸುಮಾರು ಎರಡೂಕಾಲು ಗಂಟೆ. 794ರಲ್ಲಿ ರಾಜಧಾನಿಯಾದ ಊರು ಅದು, ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಕ್ರವರ್ತಿಗಳು ಅಲ್ಲೇ ಇದ್ದರು. ಹೀಗಾಗಿ ಯಾವ ಬೀದಿಗೆ ಹೋದರೂ ಒಂದು ಗುಡಿ ಕಾಣುತ್ತದೆ.

ತೊಂದರೆ ಇರುವುದೂ ಅಲ್ಲೇ. ಫೋನಿನಲ್ಲಿ ಹತ್ತು ಜಾಗದ ಪಟ್ಟಿ ಮಾಡಿಕೊಂಡು ಹೋದರೆ ದಿನವೆಲ್ಲ ಸಿಟಿ ಬಸ್ಸಿನಲ್ಲಿ ನಿಂತೇ ಕಳೆಯುತ್ತದೆ. ನಾಲ್ಕೇ ಜಾಗ ಸಾಕು: ಫುಶಿಮಿ ಇನಾರಿ, ಸಂಜೂಸಂಗೆಂಡೋ, ತೋಜಿ, ಕೊನೆಗೆ ಕಿಯೋಮಿಜು. ಚಿನ್ನದ ಹೊದಿಕೆಯ ಕಿಂಕಾಕುಜಿ ಈ ಸಲ ಬಿಟ್ಟುಬಿಡಿ. ಅದು ಊರಿನ ವಾಯವ್ಯ ಮೂಲೆಯಲ್ಲಿದೆ, ಹೋಗಿ ಬರಲು ತುಂಬ ಹೊತ್ತು ಹಿಡಿಯುತ್ತದೆ, ಒಳಗೆ ಬಿಡುವುದಿಲ್ಲ, ಕೊಳದ ಆಚೆಯಿಂದ ನೋಡಿ ಬರಬೇಕು. ಈಗಿರುವ ಕಟ್ಟಡವೂ 1950ರಲ್ಲಿ ಬೆಂಕಿ ಬಿದ್ದ ಮೇಲೆ 1955ರಲ್ಲಿ ಕಟ್ಟಿದ್ದು. ನಾನು ಹೇಳುತ್ತಿರುವ ನಾಲ್ಕರಲ್ಲಿ ಎರಡು ಕಡೆ ನಮ್ಮ ಇಂದ್ರ, ಬ್ರಹ್ಮ, ಗರುಡ ಎಲ್ಲರೂ ಕಾದು ನಿಂತಿದ್ದಾರೆ. ಅಷ್ಟು ದೂರ ಹೋಗಿ ಅವರನ್ನು ನೋಡದೆ ಬರುವುದು ಸರಿಯಲ್ಲ ಅಲ್ವಾ?

ಮೊದಲು ಕಾಲಿನ ವಿಷಯ. ಈ ದಿನ ನಡಿಗೆ ಜಾಸ್ತಿ, ಮೆಟ್ಟಿಲೂ ಜಾಸ್ತಿ. ಹೊರಡುವ ಮುಂಚೆ ಒಂದೆರಡು ಭಾನುವಾರ ಬೆಳಿಗ್ಗೆ ಚಿತ್ರದುರ್ಗದ ಕೋಟೆ ಹತ್ತಿ, ಏಕನಾಥೇಶ್ವರಿ ಗುಡಿ ದಾಟಿ ಗೋಪಾಲಸ್ವಾಮಿ ಹೊಂಡದವರೆಗೆ ಹೋಗಿ ಬನ್ನಿ. ಜಪಾನಿಗೆ ಹಾಕಿಕೊಂಡು ಹೋಗುವ ಶೂ ಹಾಕಿಕೊಂಡೇ ಹತ್ತಿ, ಹೊಸ ಶೂ ಕಚ್ಚುವುದಿದ್ದರೆ ಇಲ್ಲೇ ಕಚ್ಚಲಿ. ಲೇಸ್ ಇಲ್ಲದ, ಜಾರಿಸಿ ಹಾಕಿಕೊಳ್ಳುವ ಶೂ ಆದರೆ ಇನ್ನೂ ಒಳ್ಳೆಯದು, ಯಾಕೆಂದರೆ ಗುಡಿಯ ಒಳಗೆ ಹೋಗುವಾಗ ಬಿಚ್ಚಿ ಹಾಕಿ ಮಾಡಬೇಕು, ಹಿಂದೆ ಜನ ಕಾಯುತ್ತಿರುತ್ತಾರೆ. ಒಳಗೆ ಸಾಕ್ಸ್‌ನಲ್ಲಿ ಓಡಾಡುವುದು ಅಲ್ಲಿನ ರೂಢಿ, ಮರದ ನೆಲ ಚಳಿಗಾಲದಲ್ಲಿ ಕೊರೆಯುತ್ತದೆ, ಹಾಗಾಗಿ ದಪ್ಪನೆಯ, ತೂತಿಲ್ಲದ ಸಾಕ್ಸ್ ಇರಲಿ.

ಆಮೇಲೆ ಊಟ. ಮಾಂಸ ತಿನ್ನದವರು ಇದನ್ನು ಗಮನವಿಟ್ಟು ಓದಿ. ಜಪಾನಿನಲ್ಲಿ ತರಕಾರಿ ಊಟದಂತೆ ಕಾಣುವ ಎಷ್ಟೋ ತಿಂಡಿಗೆ ದಾಶಿ ಎನ್ನುವ ಸಾರು ಬಿದ್ದಿರುತ್ತದೆ, ಅದನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆಯುತ್ತಾರೆ. ಬರೀ ತೋಫು ಇದೆ ಅಂತ ನಂಬಿ ಕೂರಬೇಡಿ. ಕೇಳಿ. 'ನಿಕು, ಸಕಾನಾ, ತಮಾಗೋ, ದಾಶಿ ನಾಶಿ' ಅಂದರೆ ಮಾಂಸ, ಮೀನು, ಮೊಟ್ಟೆ, ದಾಶಿ ಬೇಡ ಅಂತ. ಇದನ್ನು ಜಪಾನಿ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿದರೆ ಇನ್ನೂ ಸುಲಭ. ಬೌದ್ಧ ಸನ್ಯಾಸಿಗಳ ಊಟಕ್ಕೆ ಶೋಜಿನ್ ರ್‍ಯೋರಿ ಅನ್ನುತ್ತಾರೆ. ಅದರಲ್ಲಿ ಮೀನು ಮಾಂಸ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಸಾರು ಕೊಂಬು ಎನ್ನುವ ಕಡಲ ಪಾಚಿಯಿಂದಲೂ ಅಣಬೆಯಿಂದಲೂ ತೆಗೆದದ್ದು. ತಿನ್ನಲೇಬೇಕಾದ ಊಟ, ಆದರೆ ದುಬಾರಿ, ಎಷ್ಟೋ ಕಡೆ ಮೊದಲೇ ಹೇಳಿರಬೇಕು. ಒಂದು ದಿನದ ಓಡಾಟಕ್ಕೆ ನಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯೇ ಸರಿ. ಹಣ್ಣು ತರಕಾರಿ ಇಲ್ಲಿಂದ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಬಿಡುತ್ತಾರೆ, ಬಾಳೆಹಣ್ಣು ಅಲ್ಲೇ ಸಣ್ಣ ಅಂಗಡಿಗಳಲ್ಲಿ ಸಿಗುತ್ತದೆ. ಬೀದಿಯಲ್ಲಿ ಕಸದ ಡಬ್ಬಿ ಹುಡುಕಿದರೂ ಸಿಗುವುದು ಕಷ್ಟ, ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ನಿಮ್ಮ ಕಸ ನೀವೇ ರೂಮಿಗೆ ತನ್ನಿ.

ದುಡ್ಡು ಚಿಲ್ಲರೆಯಾಗಿ ಇರಲಿ. ಕಾಣಿಕೆಗೆ ಐದು ಯೆನ್ ನಾಣ್ಯ ಹಾಕುವುದು ಅಲ್ಲಿ ಶುಭ, ನಡುವೆ ತೂತಿರುವ ಹಿತ್ತಾಳೆ ಬಣ್ಣದ ನಾಣ್ಯ ಅದು. ರೈಲು ಬಸ್ಸಿಗೆಲ್ಲ ಮೊದಲೇ ದುಡ್ಡು ತುಂಬಿಸಿಟ್ಟ ಇಕೋಕಾ ಅಥವಾ ಸುಯಿಕಾ ಕಾರ್ಡ್ ಒಂದೇ ಸಾಕು.

ಅಲ್ಲಿ ಎರಡು ಥರದ ಗುಡಿಗಳಿವೆ. ಜಪಾನಿನದೇ ಹಳೆಯ ಧರ್ಮವಾದ ಶಿಂತೋ ದೇವರದ್ದು ಜಿಂಜಾ, ಬುದ್ಧನದ್ದು ತೆರಾ. ಮುಂದೆ ತೋರಿ ಅನ್ನುವ ಎರಡು ಕಂಬದ ಕಮಾನು ಕಂಡರೆ ಅದು ಜಿಂಜಾ. ತೋರಿ ದಾಟುವ ಮುಂಚೆ ಸ್ವಲ್ಪ ತಲೆ ಬಾಗಿಸಿ, ದಾರಿಯ ಪಕ್ಕದಲ್ಲಿ ನಡೆಯಿರಿ, ನಡುವಿನ ದಾರಿ ದೇವರದ್ದು. ಒಳಗೆ ನೀರಿನ ತೊಟ್ಟಿ ಇರುತ್ತದೆ. ಸೌಟು ಬಲಗೈಯಲ್ಲಿ ಹಿಡಿದು ನೀರು ತುಂಬಿ ಎಡಗೈ ತೊಳೆಯಿರಿ, ಕೈ ಬದಲಿಸಿ ಬಲಗೈ ತೊಳೆಯಿರಿ, ಮತ್ತೆ ಬಲಗೈಗೆ ಸೌಟು ತಂದು ಎಡ ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟನ್ನು ಬಾಯಿಗೆ ಇಡಬೇಡಿ. ನಮ್ಮಲ್ಲೂ ಎಂಜಲು ಮಾಡುವುದಿಲ್ಲ, ಅಲ್ಲೂ ಅಷ್ಟೇ. ಉಗಿಯುವುದು ತೊಟ್ಟಿಯ ಹೊರಗೆ, ಮೆಲ್ಲಗೆ. ಎಡಗೈ ಇನ್ನೊಂದು ಸಲ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಹಿಡಿಯೂ ತೊಳೆಯುತ್ತದೆ, ಮುಂದಿನವರಿಗೆ ಶುಚಿಯಾಗಿ ಸಿಗುತ್ತದೆ. ಇಷ್ಟೆಲ್ಲ ಒಂದೇ ಸೌಟು ನೀರಿನಲ್ಲಿ ಮುಗಿಸುತ್ತಾರೆ.

ದೇವರ ಮುಂದೆ ನಾಣ್ಯ ಹಾಕಿ, ಗಂಟೆ ಇದ್ದರೆ ಬಾರಿಸಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಕೊನೆಗೆ ಒಂದು ಸಲ ಬಾಗಿ. ಇದು ಜಿಂಜಾದಲ್ಲಿ ಮಾತ್ರ. ಬುದ್ಧನ ಗುಡಿಯಲ್ಲಿ ಚಪ್ಪಾಳೆ ಬೇಡ, ನಮ್ಮ ಹಾಗೆ ಕೈ ಮುಗಿದರೆ ಸಾಕು. ಹೊಸ್ತಿಲು ಮಾತ್ರ ತುಳಿಯಬೇಡಿ, ದಾಟಿ. ನಮ್ಮ ಅಜ್ಜಿಯರು ಹೇಳಿದ್ದೇ ಅಲ್ಲೂ ನಿಯಮ.

ಈಗ ದಿನ ಶುರು. ಹಿಂದಿನ ರಾತ್ರಿಯೇ ಕ್ಯೋಟೋದಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಆರಕ್ಕೆಲ್ಲ ಫುಶಿಮಿ ಇನಾರಿ ತಲುಪಬಹುದು. ಕ್ಯೋಟೋ ಸ್ಟೇಷನ್ನಿನಿಂದ ಜೆಆರ್ ನಾರಾ ಲೈನಿನಲ್ಲಿ ಎರಡನೇ ನಿಲ್ದಾಣ ಇನಾರಿ. ನಿಧಾನದ ಲೋಕಲ್ ರೈಲೇ ಹತ್ತಿ, ಮಿಯಾಕೋಜಿ ರ್‍ಯಾಪಿಡ್ ಅಲ್ಲಿ ನಿಲ್ಲುವುದಿಲ್ಲ. ಸ್ಟೇಷನ್ ಬಾಗಿಲ ಎದುರಿಗೇ ದೊಡ್ಡ ತೋರಿ. ಟಿಕೆಟ್ ಇಲ್ಲ, ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ. ಬೆಳಿಗ್ಗೆ ಒಂಬತ್ತರ ಮೇಲೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅದಕ್ಕೇ ಇಷ್ಟು ಬೇಗ.

ಇನಾರಿ ಅಕ್ಕಿಯ ದೇವರು, ವ್ಯಾಪಾರದ ದೇವರು. 711ರಿಂದ ಇಲ್ಲಿ ಪೂಜೆ ನಡೆಯುತ್ತಿದೆ ಎಂದು ಹೇಳುತ್ತಾರೆ. ನರಿಗಳು ಇನಾರಿಯ ದೂತರು, ಅವುಗಳ ಬಾಯಲ್ಲಿ ಏನಿದೆ ಅಂತ ನೋಡುತ್ತಾ ಹೋಗಿ: ಒಂದರ ಬಾಯಲ್ಲಿ ಕಣಜದ ಕೀಲಿ, ಇನ್ನೊಂದರ ಬಾಯಲ್ಲಿ ಭತ್ತದ ತೆನೆ, ಮತ್ತೊಂದರಲ್ಲಿ ಸುರುಳಿ ಅಥವಾ ರತ್ನ. ಭತ್ತ ಬೆಳೆಯುವ ಭದ್ರಾ ನಾಲೆಯ ಕಡೆಯವರಿಗೆ ಈ ದೇವರು ತಕ್ಷಣ ಹತ್ತಿರವಾಗುತ್ತಾನೆ. ಗುಡಿಯ ಹಿಂದಿನ ಬೆಟ್ಟದ ತುಂಬ ಸುಮಾರು ಹತ್ತು ಸಾವಿರ ಕೇಸರಿ ಬಣ್ಣದ ತೋರಿಗಳು ಸಾಲಾಗಿ ನಿಂತಿವೆ, ಎಲ್ಲವೂ ಹರಕೆ ತೀರಿಸಿದವರು ಕೊಟ್ಟದ್ದು. ಹತ್ತುವಾಗ ಬರೀ ಬಣ್ಣ ಕಾಣುತ್ತದೆ. ಇಳಿಯುವಾಗ ನೋಡಿದರೆ ಕಂಬದ ಹಿಂಬದಿಯಲ್ಲಿ ಕಪ್ಪು ಅಕ್ಷರದಲ್ಲಿ ಕೊಟ್ಟವರ ಹೆಸರು, ಕೊಟ್ಟ ದಿನ ಬರೆದಿರುತ್ತದೆ. ಒಂದು ಕಂಬದ ಬುಡದ ಹತ್ತಿರ ಕೂತು ನೋಡಿ. ಕೆಳಗೆ ಕಪ್ಪು ಪಟ್ಟಿ, ಅದರ ಮೇಲೆ ಕೇಸರಿ. ಹಳೆಯದಾದರೆ ಬಣ್ಣ ಸಿಪ್ಪೆಯಾಗಿ ಏಳುತ್ತದೆ, ಬುಡದ ಮರ ಮಳೆಗೆ ಮೆತ್ತಗಾಗಿರುತ್ತದೆ. ಅಂಥದ್ದನ್ನು ತೆಗೆದು ಅದೇ ಜಾಗದಲ್ಲಿ ಹೊಸದನ್ನು ನಿಲ್ಲಿಸುತ್ತಾರೆ.

ಸಾಲು ತೋರಿ ಮುಗಿದ ಮೇಲೆ ಓಕುಶಾ ಎನ್ನುವ ಸಣ್ಣ ಗುಡಿಯ ಹತ್ತಿರ ಓಮೊಕಾರು ಕಲ್ಲು ಸಿಗುತ್ತದೆ. ಮನಸ್ಸಿನಲ್ಲಿ ಬೇಡಿಕೊಂಡು ಎತ್ತಬೇಕು, ಅಂದುಕೊಂಡದ್ದಕ್ಕಿಂತ ಹಗುರವಾಗಿದ್ದರೆ ಬೇಡಿದ್ದು ಆಗುತ್ತದೆ ಅನ್ನುವುದು ನಂಬಿಕೆ. ಬೆಟ್ಟ 233 ಮೀಟರ್, ಪೂರ್ತಿ ಸುತ್ತಿ ಬರಲು ಎರಡರಿಂದ ಮೂರು ಗಂಟೆ ಬೇಕು. ನೀವು ಅರ್ಧದಲ್ಲಿರುವ ಯೋತ್ಸುತ್ಸುಜಿ ಕೂಡುದಾರಿಯವರೆಗೆ ಹತ್ತಿ, ಊರು ಕಾಣುವ ಜಾಗದಲ್ಲಿ ಕೂತು ಸುಧಾರಿಸಿಕೊಂಡು ಇಳಿಯಿರಿ. ತಿಂಡಿ ಇಲ್ಲೇ ಬೆಂಚಿನ ಮೇಲೆ ಮುಗಿಸಿ. ನಡೆಯುತ್ತಾ ತಿನ್ನುವುದು ಅಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಬೆಟ್ಟ ಇಳಿದ ಮೇಲೆ ಜೆಆರ್ ಕಡೆ ಹೋಗಬೇಡಿ. ಸ್ವಲ್ಪ ಪಶ್ಚಿಮಕ್ಕೆ ನಡೆದರೆ ಕೇಹಾನ್ ಲೈನಿನ ಫುಶಿಮಿ ಇನಾರಿ ಸ್ಟೇಷನ್ ಇದೆ. ದೆಮಾಚಿಯಾನಗಿ ಕಡೆಗೆ ಹೋಗುವ ರೈಲು ಹತ್ತಿ ಶಿಚಿಜೋದಲ್ಲಿ ಇಳಿಯಿರಿ. ಅಲ್ಲಿಂದ ಏಳೆಂಟು ನಿಮಿಷ ನಡೆದರೆ ಸಂಜೂಸಂಗೆಂಡೋ. ಬೇಸಿಗೆ ಕಡೆ ಎಂಟೂವರೆಗೆ, ಚಳಿಗಾಲದಲ್ಲಿ ಒಂಬತ್ತಕ್ಕೆ ಬಾಗಿಲು ತೆರೆಯುತ್ತಾರೆ, ಟಿಕೆಟ್ 600 ಯೆನ್. ಇಡೀ ದಿನದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಇದು.

ಹೊರಗಿನಿಂದ ಉದ್ದನೆಯ ಮರದ ಕಟ್ಟಡ, ಸುಮಾರು 120 ಮೀಟರ್. 1164ರಲ್ಲಿ ಕಟ್ಟಿದ್ದು ಸುಟ್ಟುಹೋಗಿ 1266ರಲ್ಲಿ ಮತ್ತೆ ಎದ್ದದ್ದು. ನಮ್ಮ ಹರಿಹರದ ಹರಿಹರೇಶ್ವರ ಗುಡಿ 1224ರದ್ದು, ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. ನಮ್ಮದು ಕಲ್ಲು, ಅವರದ್ದು ಮರ, ಆದ್ದರಿಂದ ಅವರ ಗುಡಿಗಳ ಚರಿತ್ರೆ ಓದಿದರೆ ಬೆಂಕಿಯ ಮಾತು ಬರುತ್ತಲೇ ಇರುತ್ತದೆ. ಒಳಗೆ 1001 ಕನ್ನೊನ್ ಮೂರ್ತಿಗಳು. ಕನ್ನೊನ್ ಅಂದರೆ ನಮ್ಮ ಅವಲೋಕಿತೇಶ್ವರ, ಕರುಣೆಯ ಬೋಧಿಸತ್ವ. ನಡುವೆ ಕೂತಿರುವ ದೊಡ್ಡ ಮೂರ್ತಿಯನ್ನು ತಂಕೇ ಎಂಬ ಶಿಲ್ಪಿ ತನ್ನ ಎಂಬತ್ತರ ವಯಸ್ಸು ದಾಟಿದ ಮೇಲೆ 1254ರಲ್ಲಿ ಮುಗಿಸಿದ. ಆಚೆ ಐನೂರು, ಈಚೆ ಐನೂರು, ಆಳೆತ್ತರದ ಮೂರ್ತಿಗಳು ಚಿನ್ನದ ರೇಕು ಹೊದ್ದು ಜೋಳದ ಹೊಲದಂತೆ ಸಾಲು ಹಿಡಿದು ನಿಂತಿವೆ. ಸಹಸ್ರಬಾಹು ಅಂದರೂ ಎಣಿಸಿದರೆ ಕೈ ಸಿಗುವುದು 42. ಎದೆಯ ಮುಂದೆ ಮುಗಿದ ಎರಡನ್ನು ಬಿಟ್ಟರೆ ಉಳಿದ 40 ಕೈಗಳಲ್ಲಿ ಒಂದೊಂದೂ 25 ಲೋಕಗಳನ್ನು ಕಾಯುತ್ತದೆ ಎನ್ನುವುದು ಲೆಕ್ಕ.

ಜನ ಈ ಸಾವಿರವನ್ನು ನೋಡಿ ಮುಂದೆ ಹೋಗಿಬಿಡುತ್ತಾರೆ. ನೀವು ಮುಂದಿನ ಸಾಲಿನ 28 ಕಾವಲು ದೇವತೆಗಳ ಹತ್ತಿರ ನಿಲ್ಲಿ. ಕರೂರಾ ಅಂತ ಒಬ್ಬನಿದ್ದಾನೆ, ಹಕ್ಕಿಯ ಕೊಕ್ಕು, ರೆಕ್ಕೆ, ಕೈಯಲ್ಲಿ ಕೊಳಲು. ಅವನೇ ಗರುಡ. ಬೋಂತೆನ್ ಬ್ರಹ್ಮ, ತಾಯ್‌ಶಾಕುತೆನ್ ಇಂದ್ರ, ಬಿಶಾಮೊಂತೆನ್ ಅಂದರೆ ವೈಶ್ರವಣ, ನಮ್ಮ ಕುಬೇರ. ಬಸು ಸೆನ್ನಿನ್ ಎಂಬ ಋಷಿಯನ್ನು ಬಿಡಬೇಡಿ, ಮೂಳೆ ಕಾಣುವಷ್ಟು ಬಡಕಲು ಮುದುಕ, ಕೋಲು ಹಿಡಿದಿದ್ದಾನೆ. ಎರಡು ತುದಿಯಲ್ಲಿ ಗಾಳಿಯ ಚೀಲ ಹೊತ್ತ ಫೂಜಿನ್, ಸುತ್ತ ಡೋಲು ಕಟ್ಟಿಕೊಂಡ ರಾಯ್‌ಜಿನ್. ನಮ್ಮ ದೇಶದಿಂದ ಬೌದ್ಧ ಧರ್ಮದ ಜೊತೆ ಹೊರಟು ಚೀನಾ ದಾಟಿ ಬಂದವರು ಇವರಲ್ಲಿ ಎಷ್ಟೋ ಜನ. ವೇಷ ಬದಲಾಗಿದೆ, ಗುರುತು ಸಿಗುತ್ತದೆ. ಫೋಟೋ ತೆಗೆಯುವಂತಿಲ್ಲ, ಅದೂ ಒಳ್ಳೆಯದೇ, ಕಣ್ಣಿಂದ ನೋಡುತ್ತೀರಿ. ಒಬ್ಬರೇ ಬಂದದ್ದರ ಲಾಭ ಇಲ್ಲೇ ಗೊತ್ತಾಗುವುದು, ಬೇಗ ಬಾ ಅಂತ ಯಾರೂ ಕರೆಯುವುದಿಲ್ಲ.

ಹೊರಗೆ ಬಂದು ಶಿಚಿಜೋ ರಸ್ತೆಯಲ್ಲಿ ಪಶ್ಚಿಮಕ್ಕೆ ಇಪ್ಪತ್ತು ನಿಮಿಷ ನಡೆದರೆ ಕ್ಯೋಟೋ ಸ್ಟೇಷನ್ ಹತ್ತಿರ ಬರುತ್ತೀರಿ, ಅಲ್ಲಿಂದ ನೈಋತ್ಯಕ್ಕೆ ಇನ್ನೊಂದು ಹದಿನೈದು ನಿಮಿಷ ನಡೆದರೆ ತೋಜಿ. ಊಟ ಸ್ಟೇಷನ್ ಕಡೆಯೇ ಮುಗಿಸಿಕೊಳ್ಳಿ. ತೋಜಿಯ ಐದು ಅಂತಸ್ತಿನ ಗೋಪುರ ಸುಮಾರು 55 ಮೀಟರ್, ಜಪಾನಿನ ಮರದ ಗೋಪುರಗಳಲ್ಲೇ ಎತ್ತರದ್ದು, ಈಗಿನದು 1644ರದ್ದು. ಎಲ್ಲರೂ ಅದರ ಫೋಟೋ ತೆಗೆದು ಹೊರಡುತ್ತಾರೆ. ನೀವು ಟಿಕೆಟ್ ತೆಗೆದುಕೊಂಡು ಕೋದೋ ಎಂಬ ಉಪನ್ಯಾಸ ಮಂದಿರದ ಒಳಗೆ ಹೋಗಿ. ಕೂಕಾಯ್ ಎಂಬ ಗುರು ಯೋಚಿಸಿದ 21 ಮೂರ್ತಿಗಳ ಮಂಡಲ ಅಲ್ಲಿದೆ. ಒಂದು ತುದಿಯಲ್ಲಿ ಬ್ರಹ್ಮ, ನಾಲ್ಕು ಮುಖ, ನಾಲ್ಕು ಕೈ, ಕೆಳಗೆ ನಾಲ್ಕು ಹಂಸ. ಇನ್ನೊಂದು ತುದಿಯಲ್ಲಿ ಇಂದ್ರ, ಆನೆಯ ಮೇಲೆ ಒಂದು ಕಾಲು ಇಳಿಬಿಟ್ಟು ಕೂತಿದ್ದಾನೆ, ಕೈಯಲ್ಲಿ ವಜ್ರ. ಬೆಳಕು ಕಡಿಮೆ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ತಿಂಗಳ 21ನೇ ತಾರೀಕು ಹೋದರೆ ಅಂಗಳದಲ್ಲಿ ದೊಡ್ಡ ಸಂತೆ ಇರುತ್ತದೆ. ಸಂತೆ ಇಷ್ಟಪಡುವವರು ಆ ದಿನವೇ ಹೋಗಿ, ಸದ್ದಿಲ್ಲದೆ ನೋಡಬೇಕು ಅನ್ನುವವರು ಬೇರೆ ದಿನ ಹೋಗಿ.

ಮೂರೂವರೆಯ ಹೊತ್ತಿಗೆ ಸ್ಟೇಷನ್ನಿಗೆ ವಾಪಸ್ ಬಂದು 206ನೇ ನಂಬರಿನ ಬಸ್ಸಿನಲ್ಲಿ ಗೋಜೋಝಾಕಾ ತನಕ ಹೋಗಿ. ಬಸ್ಸು ತುಂಬಿರುತ್ತದೆ, ಬ್ಯಾಗನ್ನು ಮುಂದೆ ಹಾಕಿಕೊಳ್ಳಿ. ಅಲ್ಲಿಂದ ಹತ್ತು ನಿಮಿಷ ಏರುದಾರಿ. ಕಿಯೋಮಿಜು ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ, ಸಂಜೆ ಆರಕ್ಕೆ ಮುಚ್ಚುತ್ತದೆ, ಟಿಕೆಟ್ 500 ಯೆನ್. ಇಲ್ಲಿ ಜನ ಇದ್ದೇ ಇರುತ್ತಾರೆ, ಅದಕ್ಕೆ ಬೇಸರ ಬೇಡ. 1633ರಲ್ಲಿ ಕಟ್ಟಿದ ಮರದ ಜಗಲಿ ಕಣಿವೆಯಿಂದ 13 ಮೀಟರ್ ಮೇಲೆ ನಿಂತಿದೆ. ಮೇಲೆ ನಿಂತು ಫೋಟೋ ತೆಗೆದು ಮುಗಿಸಬೇಡಿ, ಕೆಳಗಿನ ದಾರಿಗೆ ಇಳಿದು ಕತ್ತೆತ್ತಿ ನೋಡಿ. ಕಂಬಗಳ ತೂತಿನಲ್ಲಿ ತೊಲೆಗಳನ್ನು ತೂರಿಸಿ ಬೆಣೆ ಬಡಿದು ಬಿಗಿದಿದ್ದಾರೆ, ಮೊಳೆ ಹೊಡೆದಿಲ್ಲ. ಅಲ್ಲೇ ಒತೋವಾ ನೀರು ಮೂರು ಧಾರೆಯಾಗಿ ಬೀಳುತ್ತದೆ. ಉದ್ದ ಹಿಡಿಯ ಬಟ್ಟಲಲ್ಲಿ ಒಂದು ಧಾರೆ ಹಿಡಿದು ಕುಡಿಯಿರಿ, ಮೂರನ್ನೂ ಕುಡಿಯುವುದು ಅತಿಯಾಸೆ ಅನ್ನುತ್ತಾರೆ.

ಇನ್ನೊಂದು ಮಾತು. ಎಷ್ಟೋ ಗುಡಿಗಳಲ್ಲಿ ಗೋಶುಯಿನ್ ಅಂತ ಕುಂಚದಿಂದ ಗುಡಿಯ ಹೆಸರು ಬರೆದು ಕೆಂಪು ಮುದ್ರೆ ಒತ್ತಿ ಕೊಡುತ್ತಾರೆ, ಸಾಮಾನ್ಯವಾಗಿ 300ರಿಂದ 500 ಯೆನ್. ಅದಕ್ಕೆ ಬೇಕಾದ, ಪುಟಗಳನ್ನು ಮಡಚಿ ಮಾಡಿದ ಪುಸ್ತಕವನ್ನು ಮೊದಲ ಗುಡಿಯಲ್ಲೇ ಕೊಂಡುಕೊಳ್ಳಿ, ನೋಟ್‌ಬುಕ್ ಕೊಟ್ಟರೆ ಬರೆದುಕೊಡುವುದಿಲ್ಲ. ದೇವರಿಗೆ ಕೈ ಮುಗಿದು ಬಂದ ಮೇಲೆ ಕೇಳುವುದು ಮರ್ಯಾದೆ. ಬರೆಯುವಾಗ ಅವರ ಕೈ ಹತ್ತಿರ ಫೋನ್ ಹಿಡಿಯಬೇಡಿ. ಈ ಕೌಂಟರು ಗುಡಿಗಿಂತ ಮೊದಲೇ ಮುಚ್ಚುವುದುಂಟು, ಹಾಗಾಗಿ ಕಿಯೋಮಿಜುವಿನಲ್ಲಿ ಮೊದಲು ಇದನ್ನು ಮುಗಿಸಿಕೊಂಡು ಆಮೇಲೆ ಜಗಲಿಗೆ ಹೋಗಿ. ಬಾಗಿಲು ಹಾಕಿದ ಮೇಲೆ ಸನ್ನೆಂಝಾಕಾ ಮೆಟ್ಟಿಲು ಇಳಿದು ಉತ್ತರಕ್ಕೆ ನಡೆಯುತ್ತಾ ಹೋದರೆ ಯಾಸಾಕಾ ಜಿಂಜಾ ಬರುತ್ತದೆ, ಅದು ರಾತ್ರಿಯೂ ತೆರೆದಿರುತ್ತದೆ. ಅದರ ಪಶ್ಚಿಮ ಬಾಗಿಲಿನಿಂದ ಹೊರಟು ನೇರ ನಡೆದರೆ ಗಿಯೋನ್ ಶಿಜೋ ಸ್ಟೇಷನ್, ಒಸಾಕಾಗೆ ವಾಪಸ್ ಹೋಗುವವರಿಗೆ ಕೇಹಾನ್ ರೈಲು ಅಲ್ಲೇ ಸಿಗುತ್ತದೆ.