ಹೊಸ ಸ್ಮೂತ್ ಜಾಝ್ ರೇಡಿಯೊದಲ್ಲಿ ಕೇಳಿಸಬೇಕಾ?

ಬೆಳಗಾವಿಯ ಒಂದು ಸಮುದಾಯ ರೇಡಿಯೊದಲ್ಲಿ ವಾರಕ್ಕೆ ಅರ್ಧ ಗಂಟೆ ಸ್ಮೂತ್ ಜಾಝ್, ಅಂದರೆ ಸ್ಯಾಕ್ಸೊಫೋನ್, ಗಿಟಾರ್‌ಗಳ ಮೆಲುದನಿಯ ಜಾಝ್ ಸಂಗೀತ, ಹಾಕುತ್ತೇನೆ. ಕದ್ರಿ ಗೋಪಾಲನಾಥರನ್ನು ಕೇಳಿದ ನಮಗೆ ಸ್ಯಾಕ್ಸೊಫೋನ್ ಹೊಸದೇನಲ್ಲ, ಅಲ್ವಾ?

ಹೊಸ ಕಲಾವಿದರಿಗೆ ನೆರವಾಗಬೇಕೆಂದರೆ ಸುಮ್ನೆ ಲೈಕ್ ಒತ್ತಿದರೆ ಸಾಲದು. ಸ್ಟೇಷನ್‌ಗೆ ಫೋನ್ ಮಾಡಿ, ಕಲಾವಿದರ ಹೆಸರು, ಟ್ರ್ಯಾಕ್ ಹೆಸರು ಎರಡೂ ಹೇಳಿ. "ಆ ಸ್ಯಾಕ್ಸೊಫೋನ್ ಹಾಡು" ಅಂದರೆ ಏನಂತ ಹುಡುಕಲಿ? ಟಿಳಕವಾಡಿಯ ಕೇಳುಗರೊಬ್ಬರು, "1 ನಿಮಿಷ 40 ಸೆಕೆಂಡಿಗೆ ಗಿಟಾರ್ ನಿಂತು ಸ್ಯಾಕ್ಸ್ ಒಂದೇ ಉಳಿಯುತ್ತದೆ, ಅಲ್ಲಿ ಕೇಳ್ರಿ" ಎಂದರು. ಕೇಳಿದೆ. ಅದೇ ವಾರ ಹಾಕಿದೆ.

ಕಲಾವಿದರೇ, ವೇವ್ (WAV) ಫೈಲ್, ಅಂದರೆ ಸದ್ದನ್ನು ಕುಗ್ಗಿಸದ ಆಡಿಯೊ ಫೈಲ್, ಕಳಿಸಿ. ವಾಯ್ಸ್ ನೋಟ್ ಬೇಡ, ಡ್ರಮ್ ಮೇಲಿನ ಬ್ರಷ್ ಸದ್ದು ಅದರಲ್ಲಿ ಸತ್ತೇ ಹೋಗುತ್ತದೆ. ಪ್ರಸಾರಕ್ಕೆ ಒಪ್ಪಿಗೆಯನ್ನು ಎರಡು ಸಾಲಿನಲ್ಲಿ ಬರೆದುಕೊಡಿ. ನಿಮ್ಮ ಹೆಸರನ್ನು ಹೇಗೆ ಉಚ್ಚರಿಸಬೇಕೆಂದೂ ತಿಳಿಸಿ. ಒಮ್ಮೆ ತಪ್ಪಾಗಿ ಹೇಳಿ ಜಾಸ್ತಿ ಬೈಸಿಕೊಂಡಿದ್ದೇನೆ.