ಇಡೀ ಗಡ್ಡೆಯೋ, ಹೋಳೋ? ಎರಡು ಗುಂಟೆಯಲ್ಲಿ ಪ್ರಯೋಗ ಮಾಡಿ ಲೆಕ್ಕ ಹಾಕುವುದು ಹೇಗೆ

ಹಾಸನದ ಸುತ್ತಮುತ್ತ ಮುಂಗಾರಿನ ಆಲೂಗಡ್ಡೆಗೆ ಹೊಲ ಹದವಾಗುವ ಹೊತ್ತಿಗೆ ಪ್ರತಿ ವರ್ಷವೂ ಅದೇ ಚರ್ಚೆ ಏಳುತ್ತದೆ. ಬಿತ್ತನೆ ಗಡ್ಡೆಯನ್ನು ಇಡಿಯಾಗಿ ಹಾಕುವುದು ಒಳ್ಳೆಯದೋ, ಹೋಳು ಮಾಡಿ ಹಾಕುವುದು ಒಳ್ಳೆಯದೋ? ಹೋಳು ಮಾಡಿದರೆ ಬೀಜದ ಖರ್ಚು ಇಳಿಯುತ್ತದೆ. ಆದರೆ ಮಳೆ ಹಿಡಿದು ಮಣ್ಣಿನಲ್ಲಿ ತೇವ ಹೆಚ್ಚಾದರೆ ಕೊಯ್ದ ಗಾಯದಿಂದ ಕೊಳೆ ಹೊಕ್ಕು, ಮೊಳಕೆ ಮೇಲೇಳುವ ಮೊದಲೇ ಹೋಳು ಕರಗಿಹೋಗುವ ಭಯವಿದೆ. ಬೇರೊಬ್ಬರ ಹೊಲದ ಉತ್ತರ ನಮ್ಮ ಮಣ್ಣಿಗೆ ಸಲ್ಲಬೇಕೆಂದಿಲ್ಲವಾದ್ದರಿಂದ, ಈ ಪ್ರಶ್ನೆಯನ್ನು ನಮ್ಮ ಹೊಲದಲ್ಲೇ ಕೇಳಿ ನೋಡುವ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಹೊಲದ ಮೇಲಿನ ಅರ್ಧಕ್ಕೆ ಹೋಳನ್ನೂ ಕೆರೆ ಬದಿಯ ಅರ್ಧಕ್ಕೆ ಇಡೀ ಗಡ್ಡೆಯನ್ನೂ ಹಾಕಿದ್ದೆ. ಕೆರೆ ಬದಿಯಲ್ಲಿ ಮೂಟೆಗಳು ಹೆಚ್ಚು ತುಂಬಿದವು, ಇಡೀ ಗಡ್ಡೆಯೇ ಮೇಲೆಂದು ನಾಲ್ಕಾರು ಮಂದಿಗೆ ಹೇಳಿಯೂ ಬಿಟ್ಟೆ. ಮರುವರ್ಷ ಹೊಲದ ತುಂಬ ಒಂದೇ ರೀತಿಯ ಬೀಜ ಹಾಕಿದಾಗಲೂ ಕೆರೆ ಬದಿಯೇ ಮುಂದಿತ್ತು. ಹಿಂದಿನ ವರ್ಷ ನಾನು ತೂಗಿದ್ದು ಬೀಜದ ಗುಣವನ್ನಲ್ಲ, ಇಳಿಜಾರಿನಲ್ಲಿ ಹರಿದು ಬಂದು ನಿಂತ ಗೋಡುಮಣ್ಣಿನ ಗುಣವನ್ನು ಎಂದು ಆಗ ತಿಳಿಯಿತು. ಆ ಮಾತು ನಂಬಿ ಬೀಜಕ್ಕೆ ಹೆಚ್ಚು ಹಣ ಹಾಕಿದವರನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ತಾಕುಗಳನ್ನು ಹಂಚುವುದು

ಹೊಲವೆಂಬುದು ಎಲ್ಲಿಯೂ ಒಂದೇ ಸಮವಾಗಿರುವುದಿಲ್ಲ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಅವರು ಇದೇ ತೊಡಕಿಗೆ ಪರಿಹಾರ ಹುಡುಕುತ್ತ ಮೂರು ನಿಯಮಗಳನ್ನು ಗಟ್ಟಿಗೊಳಿಸಿದರು: ಒಂದೇ ಬಗೆಯ ನೆಲವನ್ನು ಒಟ್ಟಿಗೆ ಕಟ್ಟಿ ಹೋಲಿಸಬೇಕು, ಹೋಲಿಕೆಯನ್ನು ಹಲವು ಸಲ ಮಾಡಬೇಕು, ಯಾವ ತಾಕಿಗೆ ಯಾವುದು ಎಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿಗೋ ನಾಣ್ಯಕ್ಕೋ ಬಿಡಬೇಕು.

ನಮ್ಮ ಹೊಲದಲ್ಲಿ ಇದನ್ನು ಹೀಗೆ ಮಾಡಬಹುದು. ಇಳಿಜಾರಿನ ಮೇಲಿನಿಂದ ಕೆಳಕ್ಕೆ ಆರು ಪಟ್ಟಿಗಳನ್ನು ಗುರುತಿಸಿ, ಪ್ರತಿ ಪಟ್ಟಿಯಲ್ಲಿ ಒಂದರ ಪಕ್ಕ ಒಂದರಂತೆ ಎರಡು ತಾಕುಗಳನ್ನು ಮಾಡಿ. ಒಂದೊಂದು ತಾಕಿನಲ್ಲಿ 60 ಸೆಂಟಿಮೀಟರ್ ಅಂತರದ ನಾಲ್ಕು ಸಾಲುಗಳು, ಸಾಲಿನ ಉದ್ದ 6 ಮೀಟರ್, ಗಡ್ಡೆಯಿಂದ ಗಡ್ಡೆಗೆ 20 ಸೆಂಟಿಮೀಟರ್ ಇರಲಿ. ಹನ್ನೆರಡು ತಾಕು ಸೇರಿದರೂ ಎರಡು ಗುಂಟೆಗಿಂತ ಕಡಿಮೆಯೇ ಆಗುತ್ತದೆ. ಬಳಿಕ ಪ್ರತಿ ಜೋಡಿಯ ಮುಂದೆ ನಿಂತು ಒಂದು ರೂಪಾಯಿ ನಾಣ್ಯ ಚಿಮ್ಮಿ: ತಲೆ ಬಿದ್ದರೆ ಎಡ ತಾಕಿಗೆ ಇಡೀ ಗಡ್ಡೆ, ಬಲಕ್ಕೆ ಹೋಳು, ಅಂಕಿ ಬಿದ್ದರೆ ಅದಲುಬದಲು. ಬಿದ್ದದ್ದನ್ನು ಆಗಲೇ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರು ಸಲ ಒಂದೇ ಕಡೆ ಬಿತ್ತೆಂದು ನಾಲ್ಕನೆಯದನ್ನು ಕೈಯಾರೆ ಬದಲಿಸಬೇಡಿ, ಬದಲಿಸಿದರೆ ಮುಂದಿನ ಲೆಕ್ಕಕ್ಕೆ ಆಧಾರವೇ ಉಳಿಯುವುದಿಲ್ಲ.

ಆರೇ ಜೋಡಿ ಏಕೆ? ಮೂರು ಜೋಡಿ ಮಾತ್ರ ಇದ್ದು, ಮೂರರಲ್ಲೂ ಇಡೀ ಗಡ್ಡೆಯೇ ಗೆದ್ದಿತೆಂದುಕೊಳ್ಳಿ. ಎರಡು ಬಗೆಯ ಬೀಜದ ನಡುವೆ ಏನೂ ವ್ಯತ್ಯಾಸವಿಲ್ಲದಿದ್ದರೂ, ಮೂರು ನಾಣ್ಯಕ್ಕೆ ಮೂರೂ ತಲೆ ಬೀಳುವಂತೆ, ಎಂಟರಲ್ಲಿ ಒಂದು ಸಲ ಹಾಗಾಗುತ್ತದೆ. ಅಷ್ಟನ್ನೇ ನಂಬಿ ಬೀಜ ಬದಲಿಸಲಾಗದು. ಆರು ಜೋಡಿಯಲ್ಲಿ ಆರರಲ್ಲೂ ಇಡೀ ಗಡ್ಡೆಯೇ ಹಾಗೆ ಗೆಲ್ಲುವುದು 64ರಲ್ಲಿ ಒಂದು ಸಲ ಮಾತ್ರ.

ಬಿತ್ತುವ ದಿನ ಪ್ರತಿ ತಾಕಿಗೆ ಹಾಕಿದ ಬೀಜದ ತೂಕ ಬರೆದಿಡಿ. ಗೊಬ್ಬರ, ಮಣ್ಣು ಏರಿಸುವುದು, ಅಂಗಮಾರಿಗೆ ಹೊಡೆಯುವ ಔಷಧಿ ಎಲ್ಲವೂ ಹನ್ನೆರಡಕ್ಕೂ ಒಂದೇ ದಿನ, ಒಂದೇ ಪ್ರಮಾಣದಲ್ಲಿ ನಡೆಯಬೇಕು. ಒಂದು ತಾಕಿಗೆ ದನ ನುಗ್ಗಿದರೆ ನುಗ್ಗಿದ ದಿನವೇ ಬರೆಯಿರಿ. ತೂಕ ನೋಡಿದ ಮೇಲೆ ಕಾರಣ ಹುಡುಕಿ ತಾಕನ್ನು ಕೈಬಿಡುವುದು ಸಲ್ಲದು.

ತೂಗುವುದು

ಗಡ್ಡೆ ಕೀಳುವಾಗ ಅಂಚಿನ ಎರಡು ಸಾಲುಗಳನ್ನು ಬಿಟ್ಟು ಒಳಗಿನ ಎರಡನ್ನು ಮಾತ್ರ ತೂಗಬೇಕು, ಸಾಲಿನ ತುದಿಯ ಗಿಡಗಳನ್ನೂ ಬಿಡಬೇಕು. ಅಂಚಿನ ಗಿಡಕ್ಕೆ ಬಿಸಿಲೂ ಜಾಗವೂ ಹೆಚ್ಚು ಸಿಗುವುದರಿಂದ ಅದರ ಇಳುವರಿ ನಂಬಿಕೆಗೆ ಅರ್ಹವಲ್ಲ. ತಾಕುಗಳಿಗೆ 1ರಿಂದ 12ರವರೆಗೆ ಸಂಖ್ಯೆಯ ಗೂಟ ಮಾತ್ರ ಇರಲಿ. ಯಾವುದು ಹೋಳು, ಯಾವುದು ಇಡೀ ಎಂಬ ಪಟ್ಟಿ ಲಕೋಟೆಯೊಳಗಿರಲಿ. ಮಣ್ಣು ಕೊಡವಿ ತೂಗುವವರಿಗೆ ಅದು ತಿಳಿದಿದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಒಂದು ಕಡೆಯ ಸಣ್ಣ ಗಡ್ಡೆಯನ್ನು ಹೆಕ್ಕಿ ಇನ್ನೊಂದು ಕಡೆಯದನ್ನು ನೆಲದಲ್ಲೇ ಬಿಡುವುದು ಅರಿವಿಲ್ಲದೆ ನಡೆಯುತ್ತದೆ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡುತ್ತದೆಯೇ ಎಂದು ಬ್ರಿಟನ್ನಿನಲ್ಲಿ 107 ರೋಗಿಗಳ ಮೇಲೆ ನಡೆದು 1948ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಯಾರಿಗೆ ಔಷಧಿ ಎಂಬುದನ್ನು ಯಾದೃಚ್ಛಿಕ ಸಂಖ್ಯೆಗಳೇ ನಿರ್ಧರಿಸಿದ್ದವು, ಆ ಹಂಚಿಕೆ ಮುಚ್ಚಿದ ಲಕೋಟೆಗಳಲ್ಲಿತ್ತು. ಆಸ್ಪತ್ರೆಗೂ ಆಲೂಗಡ್ಡೆ ಹೊಲಕ್ಕೂ ವಿಧಾನ ಒಂದೇ.

ಅರವತ್ತನಾಲ್ಕರ ಲೆಕ್ಕ

ಲಕೋಟೆ ಒಡೆದ ಮೇಲೆ ಪ್ರತಿ ಜೋಡಿಯಲ್ಲಿ ಇಡೀ ಗಡ್ಡೆ ಹಾಕಿದ ತಾಕಿನ ಇಳುವರಿಯ ತೂಕದಿಂದ ಹೋಳು ಹಾಕಿದ ತಾಕಿನ ಇಳುವರಿಯ ತೂಕ ಕಳೆಯಿರಿ. ಉದಾಹರಣೆಗಾಗಿ ಕಲ್ಪಿಸಿಕೊಂಡ ಅಂಕಿಗಳು ಇವು: 2100, 800, 1600, ಋಣ 400, 1900, 1200 ಗ್ರಾಂ. ನಾಲ್ಕನೆಯ ಜೋಡಿಯಲ್ಲಿ ಹೋಳೇ ಗೆದ್ದಿದೆ. ಒಟ್ಟು 7200, ಸರಾಸರಿ 1200 ಗ್ರಾಂ.

ಈಗ ಕೇಳಬೇಕಾದ ಪ್ರಶ್ನೆ ಇದು: ಬೀಜದ ಬಗೆಯಿಂದ ಏನೂ ವ್ಯತ್ಯಾಸವಾಗದಿದ್ದರೆ, ಬರೀ ನಾಣ್ಯದ ಆಟದಿಂದಲೇ 7200 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಎಷ್ಟು? ವ್ಯತ್ಯಾಸವಿಲ್ಲವೆಂದಾದರೆ ಮೊದಲ ಜೋಡಿಯ 2100 ಗ್ರಾಂ ಆ ನೆಲದ್ದು. ನಾಣ್ಯ ಅಂದು ಮಗ್ಗುಲು ಬದಲಿಸಿದ್ದರೆ ಅದೇ ಅಂಕಿ ಋಣವಾಗುತ್ತಿತ್ತು. ಆರೂ ಜೋಡಿಗೆ ಹೀಗೆ ಎರಡೆರಡು ದಾರಿಗಳಿರುವುದರಿಂದ ಒಟ್ಟು 64 ಬಗೆ. ಆರೂ ಧನವಾದರೆ ಮೊತ್ತ 8000. 400 ಮಾತ್ರ ಋಣವಾದರೆ 7200, ಅಂದರೆ ನಮಗೆ ಬಂದದ್ದು. 800 ಮಾತ್ರ ಋಣವಾದರೆ ಮೊತ್ತ 6400ಕ್ಕೆ ಇಳಿಯುತ್ತದೆ, ಉಳಿದವೆಲ್ಲ ಇನ್ನೂ ಕೆಳಗೆ. ಹಾಗಾಗಿ 64ರಲ್ಲಿ ಎರಡು, ಅಂದರೆ 32ರಲ್ಲಿ ಒಂದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಿತ್ತುವ ಮೊದಲೇ ‘ಇಡೀ ಗಡ್ಡೆ ಹೆಚ್ಚು ಕೊಡುತ್ತದೆಯೇ’ ಎಂದಷ್ಟೇ ಕೇಳಿ ಬರೆದಿಟ್ಟಿದ್ದರೆ ಈ 32ರಲ್ಲಿ ಒಂದು ಸರಿ. ಎರಡರಲ್ಲಿ ಯಾವುದು ಗೆದ್ದರೂ ಒಪ್ಪಲು ಸಿದ್ಧರಿದ್ದೆವೆಂದಾದರೆ ವಿರುದ್ಧ ದಿಕ್ಕಿನ ಎರಡು ಬಗೆಗಳನ್ನೂ ಸೇರಿಸಿ 64ರಲ್ಲಿ ನಾಲ್ಕು, ಅಂದರೆ 16ರಲ್ಲಿ ಒಂದು ಎನ್ನಬೇಕು. ಅಂಕಿ ನೋಡಿದ ಮೇಲೆ ಪ್ರಶ್ನೆಯನ್ನು ತಿದ್ದುವುದು ತಕ್ಕಡಿಗೆ ಕೈ ತಾಗಿಸಿದಂತೆ.

ಜೋಡಿಗಳು ಹದಿನೈದಾದರೆ ಬಗೆಗಳು 32,768 ಆಗುತ್ತವೆ, ಕೈಯಲ್ಲಿ ಮುಗಿಯುವ ಕೆಲಸವಲ್ಲ. ಆಗ ಮನೆಯ ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ನೆರವಿಗೆ ಬರುತ್ತದೆ. ಮೇಲಿನ ಸಾಲಿನಲ್ಲಿ ವ್ಯತ್ಯಾಸಗಳನ್ನು ಬರೆಯಿರಿ. ಕೆಳಗಿನ ಸಾಲಿನಲ್ಲಿ ಪ್ರತಿ ಅಂಕಿಗೂ ‘ರ‍್ಯಾಂಡ್’ ಸೂತ್ರದಿಂದ ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಯೊಂದನ್ನು ತರಿಸಿ, ಅದು ಅರ್ಧಕ್ಕಿಂತ ಕಡಿಮೆಯಿದ್ದರೆ ಅಂಕಿಯ ಚಿಹ್ನೆ ಬದಲಾಗುವಂತೆ ಮಾಡಿ, ಸಾಲಿನ ಕೊನೆಗೆ ಮೊತ್ತ ಹಾಕಿ. ಈ ಸಾಲನ್ನು ಸಾವಿರ ಸಲ ಕೆಳಕ್ಕೆ ನಕಲು ಮಾಡಿ, ನಿಮ್ಮ ನಿಜವಾದ ಮೊತ್ತವನ್ನು ಮುಟ್ಟಿದವು ಅಥವಾ ಮೀರಿದವು ಎಷ್ಟೆಂದು ಎಣಿಸಿ. ಮೊದಲು ಮೇಲಿನ ಆರು ಅಂಕಿಗಳನ್ನೇ ಹಾಕಿ ನೋಡುವುದು ಒಳ್ಳೆಯದು: ಎಣಿಕೆ 31ರ ಆಸುಪಾಸಿಗೆ ಬಂದರೆ ಸೂತ್ರ ಸರಿಯಾಗಿದೆ. ಅಂಕಿಗಳನ್ನು ಕಿಲೋದಲ್ಲಿ ಬರೆಯದೆ ಗ್ರಾಂನಲ್ಲೇ ಬರೆಯಿರಿ. ದಶಮಾಂಶಗಳನ್ನು ಕೂಡುವಾಗ ಕಂಪ್ಯೂಟರಿನೊಳಗೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿದು, ಸರಿಸಮನಾದ ಮೊತ್ತಗಳು ಎಣಿಕೆಯಿಂದ ತಪ್ಪಿಹೋಗಬಹುದು. ಸಾಧ್ಯವಿರುವ ಎಲ್ಲವನ್ನೂ ಎಣಿಸುವ ಬದಲು ಸಾಕಷ್ಟು ಸಲ ಆಡಿ ನೋಡುವ ಈ ಉಪಾಯ, 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಅವರಿಗೆ ಹೊಳೆದ ‘ಮಾಂಟೆ ಕಾರ್ಲೊ’ ವಿಧಾನದ ಬಳಗಕ್ಕೆ ಸೇರಿದ್ದು.

ಕಾಫಿ ತೋಟದವರಿಗೆ

ಅರೇಬಿಕಾ ಗಿಡ ಒಂದು ವರ್ಷ ತುಂಬಿ ಬಂದರೆ ಮರುವರ್ಷ ಹಿಂದೆಗೆಯುತ್ತದೆ. ಆದ್ದರಿಂದ ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಪಕ್ಕದ ಗಿಡವೆಂಬ ಕಾರಣಕ್ಕೆ ಜೋಡಿ ಮಾಡಿದರೆ ಸಾಲದು. ಹಿಂದಿನ ಎರಡು ಕೊಯ್ಲಿನ ಹಣ್ಣಿನ ತೂಕವನ್ನು ಗಿಡವಾರು ಬರೆದಿಟ್ಟು, ಒಂದೇ ರೀತಿ ನಡೆದುಕೊಂಡ, ಒಂದೇ ನೆರಳಿನಡಿಯ ಗಿಡಗಳನ್ನು ಜೋಡಿಯಾಗಿಸಬೇಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ತೋಟದ ಪ್ರಯೋಗಕ್ಕೆ ಇಳಿಯುವವರು ಅಲ್ಲಿನವರೊಡನೆ ಮೊದಲು ಮಾತನಾಡುವುದು ಒಳಿತು.

ಈ ವಿಧಾನ ಎಲ್ಲೆಡೆಗೂ ಒಗ್ಗುವುದಿಲ್ಲ. ಉಪಗ್ರಹಗಳನ್ನು ನಿಯಂತ್ರಿಸುವ, ಹಾಸನದಲ್ಲೇ ಇರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರದಂತಹ ಕಡೆ ನಾಣ್ಯ ಚಿಮ್ಮುವ ಮಾತೇ ಬರುವುದಿಲ್ಲ, ಏಕೆಂದರೆ ಹೋಲಿಸಲು ಪಕ್ಕದಲ್ಲಿ ಇನ್ನೊಂದು ಉಪಗ್ರಹವನ್ನು ಇಡಲಾಗದು. ಅಂಥ ವಿದ್ಯೆಗಳಲ್ಲಿ ಲೆಕ್ಕವೇ ಮೊದಲು ಬರುತ್ತದೆ: ಉಪಗ್ರಹ ಎಲ್ಲಿರಬೇಕೆಂದು ಗಣಿಸಿ, ಎಲ್ಲಿದೆಯೆಂದು ಅಳೆದು, ಉಳಿದ ವ್ಯತ್ಯಾಸದಿಂದ ಲೆಕ್ಕವನ್ನು ತಿದ್ದಿಕೊಳ್ಳಲಾಗುತ್ತದೆ.

ಹೊಲಕ್ಕೆ ಮರಳಿದರೆ, 16ರಲ್ಲಿ ಒಂದು ಎಂಬ ಉತ್ತರ ಬೀಜ ಬದಲಿಸಲು ಸಾಲದು, ಆದರೆ ಮುಂದಿನ ಮುಂಗಾರಿನಲ್ಲಿ ಇನ್ನೂ ಆರು ಜೋಡಿ ಹಾಕಲು ಸಾಕು. ಹೊಸದಾಗಿ ನಾಣ್ಯ ಚಿಮ್ಮಿ, ಎರಡೂ ವರ್ಷದ ಹನ್ನೆರಡು ವ್ಯತ್ಯಾಸಗಳನ್ನು ಒಂದೇ ಸ್ಪ್ರೆಡ್‌ಶೀಟಿನಲ್ಲಿ ಹಾಕಿದರೆ ಬಗೆಗಳು 4096 ಆಗುತ್ತವೆ. ಆ ಹೊತ್ತಿಗೆ ಬಿತ್ತಿದ ದಿನ ಬರೆದಿಟ್ಟ ಬೀಜದ ತೂಕವನ್ನೂ ಪಕ್ಕದಲ್ಲಿ ತೆರೆದಿಡಿ. ಹೆಚ್ಚು ಬಂದ ಗಡ್ಡೆಯ ಬೆಲೆಯಿಂದ, ಇಡೀ ಗಡ್ಡೆ ಹಾಕಿದ್ದಕ್ಕೆ ಹೆಚ್ಚಾದ ಬೀಜದ ಬೆಲೆಯಲ್ಲಿ ತೂಗಿದ ಗಿಡಗಳ ಪಾಲಿಗೆ ಬರುವಷ್ಟನ್ನು ಜೋಡಿ ಜೋಡಿಯಾಗಿ ಕಳೆದು, ರೂಪಾಯಿಯ ವ್ಯತ್ಯಾಸದ ಮೇಲೆ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಬೇಕು.